ಗೆರೆ ಕೆಳಗಿಳಿದ ವರ್ಷ

ಕಂಪ್ಯೂಟರ್ ಪಾಠ ಹೇಳುವವರಿಗೆ ನಗು ಬರುವುದೆಲ್ಲ ನಗಬಾರದ ಹೊತ್ತಿನಲ್ಲೇ. ನಾನು ಒಂದೇ ಆಡಳಿತ ಮಂಡಳಿಗೆ ಸೇರಿದ, ಸಾಗರ, ಹೊಸನಗರ, ತೀರ್ಥಹಳ್ಳಿಯ ಮೂರು ಕಾಲೇಜಿಗೆ ಬಸ್ಸಲ್ಲಿ ಓಡಾಡುವ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಪ್ರತಿ ವರ್ಷ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಸಲ ಮಂಡಳಿಯವರದು ಹೊಸ ಆಜ್ಞೆ: ಪ್ರತಿಯೊಬ್ಬರೂ ತಮ್ಮ ತರಗತಿಯ ಹಾಜರಿಯನ್ನು ಅಡ್ಡಕ್ಕೆ, ಮಾರ್ಕ್ಸನ್ನು ಉದ್ದಕ್ಕೆ ಇಟ್ಟು ಎಕ್ಸೆಲ್‌ನಲ್ಲಿ ಸ್ಕ್ಯಾಟರ್ ಪ್ಲಾಟ್ ಮಾಡಿ, ಚುಕ್ಕಿಗಳ ನಡುವೆ ಟ್ರೆಂಡ್‌ಲೈನ್ ಅನ್ನುವ ಗೆರೆ ಎಳೆದು ಕೊಡಬೇಕು. ಒಬ್ಬ ವಿದ್ಯಾರ್ಥಿಗೆ ಒಂದು ಚುಕ್ಕಿ. ಗೆರೆ ಏರಿದರೆ ಪಾಠದಿಂದ ಲಾಭವಿದೆ ಅಂತ. ಇಳಿದರೆ ಅತಿಥಿಗೆ ನಮಸ್ಕಾರ. ಇದನ್ನು ಎಲ್ಲರಿಗೂ ಕಲಿಸುವ ಕೆಲಸವೂ ನನ್ನ ತಲೆಗೇ ಬಂತು.

ಸಾಗರ

ನಿವೃತ್ತಿಗೆ ಹತ್ತಿರವಿದ್ದ ಕನ್ನಡ ಮೇಡಂ ಪ್ರಿಂಟ್ ನೋಡಿ ಮುಖ ಸಪ್ಪೆ ಮಾಡಿದರು.

"ಇದೆಂತದಮ್ಮ, ಗೆರೆ ಒಂದು ಚುಕ್ಕಿನೂ ಮುಟ್ಟದೇ ಹೋಗಿದೆ?"

"ಎಲ್ಲದರ ನಡುವೆ ಹೋಗೋದೇ ಅದರ ಕೆಲಸ ಮೇಡಂ."

"ಮಕ್ಕಳನ್ನ ಮುಟ್ಟದ ಪಾಠ ಅಂದಂಗಾಯ್ತು!" ಎಂದು ಪೆನ್ನು ತೆಗೆದು, ರಂಗೋಲಿಗೆ ಎಳೆ ಸೇರಿಸುವ ಹಾಗೆ ಚುಕ್ಕಿಗಳನ್ನೆಲ್ಲ ಸುತ್ತಿ ಬಂದರು. ಆಮೇಲೆ ನಿಜಕ್ಕೂ ಬೇಜಾರಿನಲ್ಲಿ ಹೇಳಿದರು, "ಇಬ್ಬರು ಹುಡುಗರು ರಜೆ ಹಾಕದೇ ಇದ್ದಿದ್ರೆ ತಾವರೆ ಪೂರ್ತಿ ಆಗ್ತಿತ್ತು."

ಹೊಸನಗರ

ಇಲ್ಲಿನ ಪ್ರಿನ್ಸಿಪಾಲರದೇ ತರಗತಿಯ ಗೆರೆ ಇಳಿಯಿತು. ಅವರು ಹಾಳೆಯನ್ನು ತಲೆಕೆಳಗು ಮಾಡಿದರು. ಆಗಲೂ ಎಡದಿಂದ ಬಲಕ್ಕೆ ಅದೇ ಇಳಿಜಾರು.

"ಏನ್ರೀ ಇದು, ಹೆಂಗೆ ಹಿಡಿದ್ರೂ ಇಳೀತದೆ!"

ಅಟೆಂಡರ್ ಹಾಳೆ ಇಸಕೊಂಡು, ಹಿಂಬದಿ ಮುಂದೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದ. "ಈಗ ನೋಡಿ ಸಾರ್, ಏರ್ತು."

"ಅಂಕಿ, ಅಕ್ಷರ ಎಲ್ಲ ಉಲ್ಟಾ ಕಾಣ್ತಿದೆಯಲ್ಲ ಸಾರ್," ಅಂದೆ.

"ಇರ್ಲಿ ಬಿಡ್ರಿ," ಅಂದರು ಪ್ರಿನ್ಸಿಪಾಲರು. "ಮಂಡಳಿಯವರು ಯಾವತ್ತು ಓದಿದ್ದಾರೆ?"

ತೀರ್ಥಹಳ್ಳಿ

ಕೊನೆಗೆ ನನ್ನದೇ ತರಗತಿಯ ಸರದಿ. ಗೆರೆ ಕೆಳಗಿಳಿಯಿತು. ನನ್ನನ್ನು ಮತ್ತೆ ಕರೆಯಲು ಶಿಫಾರಸು ಮಾಡಬೇಕಾದವರು ಇಲ್ಲಿನ ಪ್ರಿನ್ಸಿಪಾಲರು.

ಅವರು ಪರದೆಯ ಬಲ ಮೂಲೆಗೆ ಬೆರಳಿಟ್ಟರು. "ತಳದಲ್ಲಿರೋ ಈ ಒಂದು ಚುಕ್ಕಿನೇ ಗೆರೆನ ಕೆಳಗೆಳೀತಿದೆ. ಅಳಿಸಿಬಿಡಿ, ಸರಿಹೋಗ್ತದೆ."

ಅದು ಕೋಣಂದೂರಿನಿಂದ ಬರುವ ಹುಡುಗಿ. ಒಂದು ದಿನವೂ ತಪ್ಪಿಸಿದವಳಲ್ಲ. ಮಾರ್ಕ್ಸು ಮಾತ್ರ ಎಲ್ಲರಿಗಿಂತ ಕಮ್ಮಿ.

"ದಿನಾ ಬರೋಳು ಅವಳೊಬ್ಬಳೇ ಸಾರ್. ಅವಳನ್ನ ಹೆಂಗೆ ಅಳಿಸಲಿ?" ಅಂದೆ.

"ಕರೀರಿ ಅವಳನ್ನ."

ಗೆರೆ ಇಳಿದರೆ ನನ್ನ ಕೆಲಸ ಹೋಗುತ್ತದೆ ಅನ್ನುವ ಸುದ್ದಿ ಕಾಲೇಜಿಗೆಲ್ಲ ಹಬ್ಬಿತ್ತು. ಹುಡುಗಿ ಬಂದವಳು ಪರದೆಯನ್ನೇ ನೋಡಿದಳು.

"ಕೆಳಗಿರೋದು ನಾನಾ ಮೇಡಂ?"

"ಹೂಂ."

"ಹಂಗಾದ್ರೆ ನಾನು ನಾಳೆಯಿಂದ ಬರಲ್ಲ. ಹಾಜರಿ ಕಮ್ಮಿಯಾದ್ರೆ ನನ್ನ ಚುಕ್ಕಿ ಎಡಕ್ಕೆ ಸರೀತದೆ, ಗೆರೆಯ ಈ ತುದಿ ತಾನಾಗೇ ಮೇಲೇಳ್ತದೆ. ಮೇಲಕ್ಕೆ ಹೋಗೋದು ನನ್ ಕೈಲಾಗಲ್ಲ ಮೇಡಂ, ಎಡಕ್ಕಾದ್ರೆ ಹೋಗ್ತೀನಿ. ನಿಮ್ಮ ಕೆಲಸ ಉಳೀಬೇಕಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಪ್ರಿನ್ಸಿಪಾಲರು ಅವಳು ಹೇಳಿದ ಹಾಗೆ ಚುಕ್ಕಿಯಿಂದ ಎಡಕ್ಕೆ ಬೆರಳೆಳೆದು ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದರು.

"ಇವಳು ಯಾವ ಪಾಠದಲ್ಲಿ ಫೇಲು?"

"ಇದೇ ಪಾಠದಲ್ಲಿ ಸಾರ್. ಟ್ರೆಂಡ್‌ಲೈನ್."

"ಪೇಪರ್ ತಿದ್ದಿದ್ದು ಯಾರು?"

"ನಾನೇ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನ ವರ್ಷವೂ ಬನ್ನಿ. ಪಾಠ ನೀವೇ ಹೇಳಿ. ಪೇಪರ್ ಮಾತ್ರ ಬೇರೆಯವರು ತಿದ್ದಲಿ."