ಎರಡೆರಡು ಗೋಲಿ, ಮಕ್ಕಳಿಗೆ ಅರ್ಧ

ಫೌಜಿಗೆ ಹೋಗದೆಯೇ ಯುದ್ಧದ ಕೆಲಸ ಹಿಡಿದ ಗಂಡಸು ಇಡೀ ಜೇವರ್ಗಿಯಲ್ಲಿ ನಾನೊಬ್ಬನೇ ಎಂದು ಎದೆ ತಟ್ಟಿ ಹೇಳಬಲ್ಲೆ. ಆ ಕೆಲಸದಲ್ಲಿ ಎಷ್ಟು ದಿನ ಇದ್ದೆ ಎಂದು ಮಾತ್ರ ಕೇಳಬಾರದು. ಒಂಬತ್ತು ದಿನ!

ನಾನು ಬಂಡಿ ಹೊಡೆಯುವವನು. ಜೋಳದ ಚೀಲ ಹೊತ್ತು ಹೊತ್ತು ನನ್ನ ಹೆಗಲು ಎತ್ತಿನ ಹೆಗಲಿಗೆ ಸಮ. ಉರ್ದು ಶಾಲೆಯ ಎರಡನೇ ಇಯತ್ತೆಯಲ್ಲಿ ಮಾಸ್ತರರ ಬೆತ್ತಕ್ಕೂ ನನ್ನ ಬೆನ್ನಿಗೂ ಸಲುಗೆ ಅತಿಯಾದ್ದರಿಂದ ಓದು ಬಿಟ್ಟೆ. ಆದರೂ ಬೋರ್ಡಿನ ಮೇಲಿನ ದೊಡ್ಡ ಉರ್ದು ಅಕ್ಷರಗಳನ್ನು ಬೆರಳಿಟ್ಟು ಓದುತ್ತೇನೆ. ಅದು ನನಗೆ ಸಣ್ಣ ಹೆಮ್ಮೆಯೇನಲ್ಲ.

ಜಪಾನಿನ ಜೊತೆ ಯುದ್ಧ ನಡೆದಿದ್ದ ಕಾಲ. ಊರು ಕಾಯಲು ಸರ್ಕಾರಿ ಕಚೇರಿಯಲ್ಲಿ ಜನ ಬೇಕಂತೆ ಎಂಬ ಸುದ್ದಿ ಬಂದಾಗ ನನ್ನ ಹೆಂಡತಿ ನೀಲಮ್ಮನ ತಮ್ಮ ಚನ್ನಬಸು ನಕ್ಕ. ಅವನು ಮೂರು ವರ್ಷ ಫೌಜಿನಲ್ಲಿದ್ದು ಬಂದವನು. ಊಟಕ್ಕೆ ಕುಳಿತರೂ ಬೂಟು ಪಕ್ಕದಲ್ಲೇ ಇಟ್ಟುಕೊಳ್ಳುವವನು.

"ಮಾಮಾ, ಅದು ಗೋಲಿ ಬಾರೂದಿನ ಕೆಲಸ ಐತಿ. ಬಂಡಿ ಹೊಡೆದಂಗಲ್ಲ."

ಆ ಮಾತು ನನಗೆ ನಾಟಿತು. ಮರುದಿನವೇ ಕಚೇರಿಯ ದೊಡ್ಡ ಗುಮಾಸ್ತರಾದ ಪೇಶ್ಕಾರರ ಮುಂದೆ ನಿಂತೆ.

"ಫೌಜಿನ್ಯಾಗ ಇದ್ದಿಯೇನು?" ಎಂದರು.

"ಇಲ್ರಿ ಸಾಹೇಬ್ರ. ಆದ್ರ ನನ್ನ ಕಣ್ಣು ತಪ್ಪಿಸಿ ಒಂದು ಕಾಳು ಜೋಳನೂ ಚೀಲದಿಂದ ಹೊರಗ ಬಿದ್ದಿಲ್ರಿ."

"ಓದಾಕ ಬರ್ತದ?"

"ಬರ್ತದ್ರಿ!" ಎಂದೆ. ಎಷ್ಟು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ತೋಳಿಗೆ ಒಂದು ಪಟ್ಟಿ, ಕೊರಳಿಗೆ ಒಂದು ಸೀಟಿ ಸಿಕ್ಕಿತು. ಕಚೇರಿಯ ಹಿಂದಿನ ಕೋಣೆ ಕಾಯುವುದು ನನ್ನ ಕೆಲಸ. ಒಳಗೆ ಬೆಂಕಿ ಆರಿಸಲು ಮರಳು ತುಂಬಿದ ಬಕೆಟ್ಟುಗಳು. ಮರಳನ್ನು ಯಾರು ಕದಿಯುತ್ತಾರೆ ಎನ್ನಬೇಡಿ. ನಾನು ದಿನಕ್ಕೆ ಎರಡು ಸಲ ಬಕೆಟ್ಟು ಎಣಿಸುತ್ತಿದ್ದೆ. ಕೋಣೆಯ ಕಡೆ ಎರಡು ಸಲ ನೋಡಿದವನು ನನ್ನ ಲೆಕ್ಕದಲ್ಲಿ ಜಪಾನಿನ ಗೂಢಚಾರ. ಮಜ್ಜಿಗೆ ಮಾರುವ ಮುದುಕಿ ಮೂರು ಸಲ ನೋಡಿದ್ದಳು!

ಏಳನೆಯ ದಿನ ಆರು ಪೆಟ್ಟಿಗೆ ಬಂದವು. ಮೇಲೆ ಉರ್ದುವಿನಲ್ಲಿ ಅಚ್ಚು ಹೊಡೆದ ದೊಡ್ಡ ಅಕ್ಷರ. ಬೆರಳಿಟ್ಟು ಓದಿದೆ. ಗೋ... ಲಿ. ಗೋಲಿ! ಚನ್ನಬಸು ಹೇಳಿದ ಬಂದೂಕಿನ ಗೋಲಿ!

"ಹುಷಾರ್! ಚೀಟಿ ಇಲ್ದೆ ಒಂದು ಗೋಲಿ ಹೊರಗ ಹೋಗಬಾರ್ದು," ಎಂದು ಹೇಳಿ ಪೇಶ್ಕಾರರು ಹೋದರು.

ಸೀಸ ತುಂಬಿದ ಪೆಟ್ಟಿಗೆಗಳನ್ನು ಒಂದೊಂದು ಕೈಯಲ್ಲಿ ಒಂದೊಂದರಂತೆ ಎತ್ತಿ ಒಳಗಿಟ್ಟೆ. ನನ್ನ ತಾಕತ್ತಿಗೆ ನಾನೇ ಬೆರಗಾದೆ.

ಆದರೆ ಮನೆಯಲ್ಲಿ ನೀಲಮ್ಮ ಚಳಿಜ್ವರದಲ್ಲಿ ನಡುಗುತ್ತಿದ್ದಳು. ದಿನ ಬಿಟ್ಟು ದಿನ ಬರುವ ಜ್ವರ. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ರೊಟ್ಟಿ ಮುಟ್ಟಿ ನಾಲ್ಕು ದಿನವಾಗಿತ್ತು. ದವಾಖಾನೆಯಲ್ಲಿ ಕಹಿ ಔಷಧದ ಬಾಟಲಿ ಖಾಲಿ.

"ಏನ್ರೀ, ಇವತ್ತರ ಔಷಧ ಬಂತೇನು ಕೇಳ್ರಲ್ಲ," ಎಂದಳು. ದನಿ ಬಾವಿಯಿಂದ ಬಂದಂತಿತ್ತು.

"ಇನ್ನೂ ಇಲ್ಲಂತ. ಸಂಜಿಗಿ ಮತ್ತ ಕೇಳ್ತೇನಿ. ನಾನು ಗೋಲಿ ಕಾಯಾಕತ್ತೇನಿ ನೀಲಾ, ಬಿಟ್ಟು ಬರಾಕ ಆಗಂಗಿಲ್ಲ."

"ಕಾಯ್ರಿ ಕಾಯ್ರಿ. ನಾ ಸತ್ರ ಸೀಟಿ ಊದ್ರಿ," ಎಂದು ಗೋಡೆಯ ಕಡೆ ಹೊರಳಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಒಬ್ಬ ತೆಳ್ಳನೆಯ ಮನುಷ್ಯ ಬಂದ. ಕನ್ನಡಕ, ಮೆತ್ತನೆಯ ಮಾತು. ಇಷ್ಟು ಮೆತ್ತಗೆ ಮಾತಾಡುವವರನ್ನು ನಾನು ನಂಬುವುದಿಲ್ಲ.

"ಅಣ್ಣಾರ, ಗೋಲಿ ಕೊಡ್ರಿ. ಕೊಳಕೂರಿಗಿ ಹೋಗಬೇಕು."

"ಕೊಳಕೂರಾಗ ಏನದ?"

"ಮಂದಿ ಅದಾರ್ರಿ. ಒಬ್ಬೊಬ್ಬರಿಗಿ ಎರಡೆರಡು ಗೋಲಿ ಹಾಕೂದು."

"ಹೆಂಗಸರಿಗೂ?"

"ಎಲ್ಲಾರಿಗೂ ರಿ. ಸಣ್ಣ ಮಕ್ಕಳಿಗಿ ಮಾತ್ರ ಅರ್ಧ."

"ಅರ್ಧ!"

"ಹೌದ್ರಿ, ಪೂರಾ ತಡಕೊಳ್ಳಂಗಿಲ್ಲ. ಮತ್ತ ಉಪಾಸ ಇದ್ದಾಗ ಹಾಕಬಾರ್ದು. ಹೊಟ್ಟಿತುಂಬ ಉಂಡ ಮ್ಯಾಲೇ."

ಎಂಥ ಪಾಪಿ! ಉಣಿಸಿ ಕೊಲ್ಲುವವನು! ಆದರೂ ಕಾನೂನಿನ ಪ್ರಕಾರ "ಚೀಟಿ ತಗಿ" ಎಂದೆ. ತೆಗೆದ.

ಇಲ್ಲಿ ನನ್ನ ವಿದ್ಯೆಯ ಪರೀಕ್ಷೆ. ಚೀಟಿಯ ಬರಹ ಇರುವೆ ಮಸಿಯಲ್ಲಿ ಬಿದ್ದು ಎದ್ದು ನಡೆದಂತಿತ್ತು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಓದಲು ಬರುವುದಿಲ್ಲ ಎನ್ನುವುದೆ? ಪ್ರಾಣ ಹೋದರೂ ಇಲ್ಲ! ತಿರುಗಿಸಿ ಮುರುಗಿಸಿ ನೋಡಿದೆ. ಆಗ ಹೊಳೆಯಿತು. ಉರ್ದು ಅಕ್ಷರಕ್ಕೆ ಚುಕ್ಕೆ ಇರಬೇಕು. ಚುಕ್ಕೆ ಮರೆತದ್ದಕ್ಕೇ ಅಲ್ಲವೆ ಮಾಸ್ತರರು ನನ್ನ ಬೆನ್ನಿನ ಚರ್ಮ ಸುಲಿದದ್ದು? ಈ ಚೀಟಿಯಲ್ಲಿ ಒಂದೂ ಚುಕ್ಕೆ ಇಲ್ಲ!

"ಖೋಟಾ ಚೀಟಿ!" ಎಂದು ಕೂಗಿ ಅವನ ಕೊರಳಪಟ್ಟಿ ಹಿಡಿದು ಕೋಣೆಯೊಳಗೆ ನೂಕಿ ಕೀಲಿ ಹಾಕಿದೆ. ಸೀಟಿ ಊದಿದೆ. ಇಡೀ ಕಚೇರಿ ಓಡಿ ಬಂತು. ಚನ್ನಬಸು ಕೂಡ ಬೂಟು ಹಾಕಿಕೊಂಡು ಓಡಿ ಬಂದ. ನನಗೆ ಬೇಕಾದದ್ದೂ ಅದೇ.

"ಸಾಹೇಬ್ರ, ಜಪಾನಿನವನು ಸಿಕ್ಕಾನ್ರಿ! ಚೀಟಿಗಿ ಚುಕ್ಕೀನೇ ಇಲ್ರಿ!"

ಪೇಶ್ಕಾರರು ಚೀಟಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದು ನನ್ನ ಅಕ್ಷರ. ಕಚೇರಿ ಬರಹಕ್ಕ ಚುಕ್ಕಿ ಇಡೂದು ಯಾವ ಕಾಲಕ್ಕ ಕಂಡಿದಿ? ಕೀಲಿ ತಗಿ, ಬೇವಕೂಫ್!"

ಬಾಗಿಲು ತೆರೆದರೆ ದವಾಖಾನೆಯ ಹೊಸ ಕಂಪೌಂಡರ್ ಮರಳಿನ ಬಕೆಟ್ಟಿನ ಮೇಲೆ ಕುಳಿತು ಕನ್ನಡಕ ಒರೆಸಿಕೊಳ್ಳುತ್ತಿದ್ದ. ಪೇಶ್ಕಾರರು ಒಂದು ಪೆಟ್ಟಿಗೆ ಬಿಚ್ಚಿಸಿದರು.

"ಬಾಯಿ ತಗಿ."

ತೆಗೆದೆ. ನಾಲಿಗೆಯ ಮೇಲೆ ಬಿಳಿಯ ಗೋಲಿ ಇಟ್ಟರು. ಕಣ್ಣು ಮುಚ್ಚಿ ಶರಣಬಸವನನ್ನು ನೆನೆದೆ. ಸಿಡಿಯಿತು. ಕಹಿ! ಅಂಗಾಲಿನ ತನಕ ಕಹಿ!

ಚಳಿಜ್ವರದ ಗುಳಿಗೆ. ನಾವು ಗುಳಿಗೆ ಎನ್ನುವುದಕ್ಕೂ ಗೋಲಿ, ಬಂದೂಕಿನ ಗುಂಡಿಗೂ ಗೋಲಿ! ಸರ್ಕಾರದ ಉರ್ದುವಿಗೆ ಎರಡೂ ಒಂದೇ. ನನ್ನ ಎರಡನೇ ಇಯತ್ತೆಯ ಪಾಠ ಅಲ್ಲಿಯತನಕ ಬಂದಿರಲಿಲ್ಲ.

ಆಗ ನಾಚಿಕೆಗಿಂತ ಮೊದಲು ನೆನಪಾದದ್ದು ಗೋಡೆಯ ಕಡೆ ಹೊರಳಿದ ನೀಲಮ್ಮನ ಬೆನ್ನು. ಮೂರು ದಿನ ಅವಳ ಔಷಧಕ್ಕೆ ನಾನೇ ಕಾವಲು! ಅದೂ ಅವಳಿಗೇ ಸಿಗದಂತೆ! ಪೇಶ್ಕಾರರು ನನ್ನ ತೋಳಿನ ಪಟ್ಟಿ ಬಿಚ್ಚಿಸಿದರು, ಸೀಟಿ ಕಸಿದುಕೊಂಡರು. ನಾನು ಅದನ್ನೆಲ್ಲ ಬಿಟ್ಟು ಕಂಪೌಂಡರನ ಕೈ ಹಿಡಿದೆ.

"ಅಣ್ಣಾರ, ತಪ್ಪಾಯ್ತು. ಮೊದಲನೇ ಎರಡು ನನ್ನ ಮನಿಗಿ ಹಾಕ್ರಿ."

ಅವನು ನನ್ನ ಹಿಂದೆ ಮನೆಗೆ ನಡೆದು, ನೀಲಮ್ಮನಿಗೆ ಮೊದಲು ಗಂಜಿ ಕುಡಿಸಿ ಎರಡು ಗೋಲಿ ನುಂಗಿಸಿದ. ಮೆತ್ತಗೆ ಮಾತಾಡುವವರಲ್ಲೂ ಒಳ್ಳೆಯವರಿರುತ್ತಾರೆ. ಆಮೇಲೆ ನನ್ನದೇ ಬಂಡಿಯಲ್ಲಿ ಅವನನ್ನೂ ಪೆಟ್ಟಿಗೆಗಳನ್ನೂ ಕೊಳಕೂರಿಗೆ ಒಯ್ದು ಮನೆಮನೆಗೆ ಹಂಚಿಸಿ ಬಂದೆ. ಎರಡೆರಡು. ಮಕ್ಕಳಿಗೆ ಅರ್ಧ.

ವಾರ ಕಳೆದು ನೀಲಮ್ಮ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಚನ್ನಬಸು ಬೂಟು ಪಕ್ಕಕ್ಕಿಟ್ಟು ಊಟಕ್ಕೆ ಕುಳಿತ.

"ಮಾಮಾ, ನಾನು ಮೂರು ವರ್ಷ ಫೌಜಿನ್ಯಾಗ ಇದ್ದು ಒಂದು ಗೋಲಿ ಹಾರಿಸಿಲ್ಲ. ನೀವು ಎಷ್ಟು ಮಂದಿಗಿ ಹಾಕಿದ್ರಿ?"

"ಊರಿಗೆ ಊರೇ," ಎಂದೆ ಗಂಭೀರವಾಗಿ. "ಒಬ್ರೂ ಸಾಯಲಿಲ್ಲ."

"ಮೊದಲನೇದು ಮನ್ಯಾನ ಹೆಂತಿಗೇ ಹಾಕ್ಯಾರ," ಎಂದಳು ನೀಲಮ್ಮ, ಬಿಸಿ ರೊಟ್ಟಿಯನ್ನು ಮೊದಲು ತನ್ನ ತಮ್ಮನ ತಟ್ಟೆಗೆ ಹಾಕುತ್ತ.