ದೊಡ್ಡಮ್ಮನ ಕರು, ನನ್ನ ಅರ್ಜಿ

ನಮ್ಮ ದೊಡ್ಡಮ್ಮ ಒಣನೆಲದಲ್ಲೂ ಹೊಳೆ ದಾಟಬಲ್ಲವಳಾಗಿದ್ದಳು. ನಗಬೇಡಿ! ಶಿಕಾರಿಪುರದ ನಮ್ಮ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಕೇರಿಯ ಹಿಂದೆ ಒಂದು ಕೆರೆ, ಕೆರೆಯ ಏರಿಯ ಕೆಳಗೆ ದೊಡ್ಡ ಬಯಲು. ಬಯಲಿನ ಹುಣಸೆಮರದ ಹತ್ತಿರ ಬಂದದ್ದೇ ತಡ, ದೊಡ್ಡಮ್ಮ ಸೀರೆಯ ನಿರಿಗೆಯನ್ನು ಗೇಣುದ್ದ ಎತ್ತಿ ಹಿಡಿದು, ಕಂಕುಳ ಬುಟ್ಟಿಯನ್ನು ತಲೆಗೇರಿಸಿ, ಕಾಲಿನಿಂದ ನೆಲ ತಡವುತ್ತ ನಡೆಯುವಳು. ಅದೂ ಸುಡು ಬೇಸಿಗೆಯಲ್ಲಿ! ಹದಿನೆಂಟು ಹೆಜ್ಜೆ ಆಚೆಗೆ ಒಂದು ಕರಿಕಲ್ಲು. ಅದು ಬಂದಮೇಲೆ ನಿರಿಗೆ ಇಳಿಯುತ್ತಿತ್ತು, ಬುಟ್ಟಿಯೂ ಇಳಿಯುತ್ತಿತ್ತು.

"ನೀರೆಲ್ಲಿದೆ ದೊಡ್ಡಮ್ಮ?" ಎಂದು ಕೇಳಿದರೆ ಅವಳದು ಒಂದೇ ಉತ್ತರ.

"ತವರಿಗೆ ಹೋಗಿದೆ ಮಾರಾಯ. ಹೋದೋರು ತಿರುಗಿ ಬರದೆ ಇರ್ತಾರಾ?"

ಅವಳು ಸೊರಬದ ಕಡೆಯ ಕುಪ್ಪಗಡ್ಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಅವಳು ಬಂದ ಹೊಸತರಲ್ಲಿ ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚಿನ ನೀರು ಆ ಹದಿನೆಂಟು ಹೆಜ್ಜೆಯ ಅಗಲದಲ್ಲೇ ಹರಿದು ಹೋಗುತ್ತಿತ್ತಂತೆ. ನಮಗೆ ಬುದ್ಧಿ ಬಂದಮೇಲೆ ಕೆರೆ ಕೋಡಿ ಬಿದ್ದದ್ದೇ ಇಲ್ಲ. ಹಳ್ಳ ಹೂತು ಬಯಲಾಗಿತ್ತು. ಹಾಗಾಗಿ ನಮಗೆ ದೊಡ್ಡಮ್ಮ ಪುಕ್ಕಟೆ ನಾಟಕ!

ರಾಜ್ಯವೆಲ್ಲ ಒಂದಾಗಿ ಒಂದೆರಡು ವರ್ಷ ಕಳೆದಿತ್ತು. ಹೊರಗಿನ ಕಂಟ್ರಾಕ್ಟರೊಬ್ಬರು ಆ ಬಯಲನ್ನು ಕೊಂಡು ಗೂಟ ಹೊಡೆಸಿದರು. ಇಪ್ಪತ್ತು ಮನೆ ಹಿಡಿಸುವ ಜಾಗದಲ್ಲಿ ಅರವತ್ತು ಮನೆ! ಅವರ ಲೆಕ್ಕದಲ್ಲಿ ಹಸಿ ಇಟ್ಟಿಗೆಯ ಗೋಡೆ, ಗೋಡೆಗೆ ಗೋಡೆ ತಾಗಿಸಿ ಸಾಲು, ನಡುವೆ ಮೈ ಓರೆ ಮಾಡಿ ನಡೆಯುವಷ್ಟು ಓಣಿ. ದೊಡ್ಡಮ್ಮ ಮಾರನೆಯ ಬೆಳಿಗ್ಗೆಯೇ ಹುಲ್ಲಿನ ಗಾಡಿಯೊಂದನ್ನು ಗೂಟಗಳ ನಡುವೆ ಹೊಡೆಸಿಕೊಂಡು ಹೋಗಿ ಸಿಕ್ಕಿಸಿ ನಿಲ್ಲಿಸಿದಳು. ಗಾಡಿ ಮುಂದೆ ಹೋಗದು, ಹಿಂದೆ ಬಾರದು.

ಕಂಟ್ರಾಕ್ಟರು ಓಡಿ ಬಂದರು. "ಏನ್ರೀ ಅಮ್ಮಾರ, ಮನಿ ಒಳಗ ಗಾಡಿ ಯಾಕ್ ಬೇಕ್ರೀ?"

"ಹೆರಿಗೆ ನೋವು ಬಂದೋಳನ್ನ ಆಸ್ಪತ್ರೆಗೆ ನೀವು ಹೊತ್ಕೊಂಡು ಹೋಗ್ತೀರಾ ಸ್ವಾಮಿ?"

ಅವರು ತಮ್ಮ ಹೊಟ್ಟೆ ನೋಡಿಕೊಂಡು ಆಳುಗಳನ್ನು ಕೂಗಿದರು. ಗಾಡಿ ಬಿಡಿಸಲು ಏಳು ಗೂಟ ಕೀಳಬೇಕಾಯಿತು. ಮಧ್ಯಾಹ್ನಕ್ಕೆ ಏಳೂ ಗೂಟ ಅಲ್ಲಲ್ಲೇ ಮತ್ತೆ ನಿಂತವು.

ಇನ್ನು ಅರ್ಜಿಯೇ ಗತಿ ಎಂದು ಕೇರಿಯವರು ತೀರ್ಮಾನಿಸಿದರು. ರುಜು ಹಾಕಿಸುವ ಕೆಲಸ ದೊಡ್ಡಮ್ಮನದು. ಬೇರೆಯವರಾಗಿದ್ದರೆ ಮನೆಮನೆಗೆ ಹೋಗಿ ಹಾಕಿಸುತ್ತಿದ್ದರು. ಇವಳು ಇಡೀ ಕೇರಿಯನ್ನು ಬಯಲಿಗೆ ಕರೆದಳು! "ನೋಡದೆ ಹಾಕಿದ ರುಜು ನಂಗೆ ಬೇಡ. ದಾಟಿ, ಆಮೇಲೆ ಹಾಕಿ." ಸರಿ, ನಿವೃತ್ತ ಹೆಡ್‌ಮಾಸ್ತರರು ಕಚ್ಚೆ ಎತ್ತಿಕೊಂಡರು, ಎಣ್ಣೆಗಾಣದ ಯಜಮಾನರು ಪಂಚೆ ಎತ್ತಿಕೊಂಡರು, ಅವರ ಹಿಂದೆ ಹೆಂಗಸರ ಸಾಲು. ಒಣನೆಲದ ಮೇಲೆ ಮೂವತ್ತು ಜನ ಬುಟ್ಟಿಯಿಲ್ಲದ ದೊಡ್ಡಮ್ಮಂದಿರು! ನಾನೊಬ್ಬ ಮಾತ್ರ ದಾಟಲಿಲ್ಲ. ನಾನು ಹೈಸ್ಕೂಲು ಮೇಷ್ಟ್ರು ನೋಡಿ, ಮಕ್ಕಳು ಕಂಡರೆ ಮರ್ಯಾದೆ ಏನಾಗಬೇಕು? ಏರಿಯ ಮೇಲೆ ನಿಂತು ನಗುತ್ತಿದ್ದೆ.

ಅರ್ಜಿ ಬರೆಯುವವನು ಮಾತ್ರ ನಾನೇ. ನನ್ನ ಅರ್ಜಿಯೆಂದರೆ ಕಚೇರಿಯವರೇ ಮೆಚ್ಚುತ್ತಾರೆಂಬ ಹಮ್ಮು ನನಗಿತ್ತು. ಅಕ್ಷರ ಬಾರದ ದೊಡ್ಡಮ್ಮ ಎದುರು ಕೂತು ಶುರು ಮಾಡಿದಳು.

"ಬರ್ಕೊ. ಸಾಹೇಬ್ರೆ, ಮನೇಲಿ ಎಲ್ಲಾ ಸೌಖ್ಯನಾ?"

"ದೊಡ್ಡಮ್ಮ, ಅರ್ಜಿಯಲ್ಲಿ ಸೌಖ್ಯ ಕೇಳಬಾರದು."

"ಯಾಕೆ, ಸಾಹೇಬರಿಗೆ ಮನೆ ಇಲ್ವಾ? ಇರ್ಲಿ, ಇದನ್ನ ಬರಿ. ನಮ್ಮ ಗೌರಿ ಕರು ಹುಣಸೆಮರದ ಹತ್ರ ನೀರಿಗೆ ಇಳೀತು. ಕರಿಕಲ್ಲಿನ ಹತ್ರ ಹಗ್ಗ ನನ್ನ ಕೈ ಜಾರ್ತು. ಮತ್ತೆ ಸಿಗ್ಲಿಲ್ಲ. ಮರದಿಂದ ಕಲ್ಲಿನ ತನ್ಕ ನೀರಿನ ಜಾಗ, ಅದೊಂದು ಬಿಡಿ. ಉಳಿದಿದ್ದರಲ್ಲಿ ಕಟ್ಲಿ, ಜನ ಬರ್ಲಿ. ಬಂದೋರು ನಮ್ಮ ನೆರೆಯೋರೇ ಅಲ್ವಾ? ಅವರ ಮಕ್ಕಳು ನನ್ನ ಕರು ಥರ ಹೋಗ್ಬಾರ್ದು."

ಹೇಳುತ್ತ ಅಂಗೈ ನೋಡಿಕೊಂಡಳು. ನಾನು ತಲೆಯಾಡಿಸಿದೆ. ಆಮೇಲೆ ಒಬ್ಬನೇ ಕೂತು ಅರ್ಜಿಯನ್ನು 'ತಿದ್ದಿದೆ'. ಸರ್ಕಾರಿ ಕಾಗದದಲ್ಲಿ ಕರು ನುಗ್ಗಿದರೆ ಜನ ನಗುವುದಿಲ್ಲವೇ? ಕರುವನ್ನು ಓಡಿಸಿದೆ. ಅದರ ಬೆನ್ನಿಗೆ ಮರವೂ ಹೋಯಿತು, ಕಲ್ಲೂ ಹೋಯಿತು. ಉಳಿದದ್ದು 'ಸಾರ್ವಜನಿಕರ ಹಿತದೃಷ್ಟಿಯಿಂದ ಸೂಕ್ತ ಕ್ರಮ ಜರುಗಿಸಬೇಕಾಗಿ ಸವಿನಯ ಪ್ರಾರ್ಥನೆ'. ಎಂಥ ಭಾಷೆ! ನಾನೇ ಎರಡು ಸಲ ಓದಿ ಖುಷಿಪಟ್ಟೆ.

ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. 'ಅಪಾಯದ ಸ್ಥಳವನ್ನು ನಿರ್ದಿಷ್ಟವಾಗಿ ತಿಳಿಸಿರುವುದಿಲ್ಲವಾದ್ದರಿಂದ ಅರ್ಜಿಯನ್ನು ವಜಾ ಮಾಡಿದೆ.'

"ಏನಂತೆ?" ಎಂದಳು ದೊಡ್ಡಮ್ಮ.

"ಆಗಲ್ಲವಂತೆ" ಎಂದೆ. ಅಷ್ಟೇ ಹೇಳಿದೆ. ಇನ್ನೊಂದು ಅರ್ಜಿ ಬರೆಯಬಹುದಿತ್ತು. ಬರೆಯಬೇಕಾದರೆ ಮೊದಲನೆಯದರಲ್ಲಿ ಏನು ಬಿಟ್ಟೆನೆಂದು ಅವಳಿಗೆ ಹೇಳಬೇಕಿತ್ತು. ನನ್ನಿಂದ ಆಗಲಿಲ್ಲ.

ಅರವತ್ತು ಮನೆ ಎದ್ದವು, ಜನ ತುಂಬಿದರು. ದೊಡ್ಡಮ್ಮ ಓಣಿಯಲ್ಲೂ ನಿರಿಗೆ ಎತ್ತಿಯೇ ನಡೆದಳು. ಸರಿಯಾಗಿ ಆ ಹದಿನೆಂಟು ಹೆಜ್ಜೆಯೊಳಗೆ ಮನೆ ಹಿಡಿದಿದ್ದ ದರ್ಜಿಯೊಬ್ಬ ಮಿಷನ್ನು ತುಳಿಯುತ್ತಲೇ ಕೂಗುವನು: "ಅಮ್ಮಾರ, ದಿನಾ ಎತ್ತಿ ಹಿಡಿಯೋದ್ ಯಾಕ್ರೀ? ಕೊಡ್ರಿ, ಗಿಡ್ಡ ಹೊಲದು ಕೊಡ್ತೀನಿ!"

"ನೀನು ಮೊದ್ಲು ಮಿಷನ್ನು ಅಟ್ಟದ ಮೇಲಿಡು!" ಎನ್ನುವಳು ಇವಳು. ಇಬ್ಬರಿಗೂ ಭಾರೀ ಸ್ನೇಹ.

ಮರುವರ್ಷದ ಮಳೆಗಾಲದಲ್ಲಿ, ಹಾಡುಹಗಲೇ ಕೆರೆ ಕೋಡಿ ಬಿತ್ತು. ತವರಿಗೆ ಹೋಗಿದ್ದ ನೀರು ದಾರಿ ಮರೆತಿರಲಿಲ್ಲ. ದೊಡ್ಡಮ್ಮ ಬೆಳಿಗ್ಗೆಯಿಂದಲೇ ನೆನೆಯುತ್ತ, ಬಾಗಿಲು ಬಡಿದು, ಬೈದು, ಕೈಹಿಡಿದು ಎಳೆದು ಒಂದು ಸಾಲನ್ನೇ ಖಾಲಿ ಮಾಡಿಸಿದ್ದಳು. ಜೀವ ಯಾರದೂ ಹೋಗಲಿಲ್ಲ. ದರ್ಜಿ ಮಾತ್ರ ಮಿಷನ್ನು ತರುತ್ತೇನೆಂದು ತಿರುಗಿ ಒಳಗೆ ಹೋದ. ಗೋಡೆ ಕೂತಿತು. ಕಾಲು ಅದರಡಿ ಸಿಕ್ಕಿತು. ಹೊರಗೆ ತೆಗೆದರೆ, ಕರೆದೊಯ್ಯಲು ಗಾಡಿ ಒಳಗೆ ಬಾರದು. ನಾಲ್ಕು ಜನ ಬಾಗಿಲ ಹಲಗೆಯ ಮೇಲೆ ಹೊತ್ತರು. ಅವರಲ್ಲಿ ನಾನೂ ಒಬ್ಬ ಹೆಗಲು ಕೊಟ್ಟವನು. ಅವನು ಮತ್ತೆ ಮಿಷನ್ನು ತುಳಿಯಲಿಲ್ಲ.

ದೊಡ್ಡಮ್ಮ ಅಂದು ಹಿಡಿದ ಜ್ವರದಿಂದ ಏಳಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಕರೆದಳು. "ಆ ಅರ್ಜಿ ನಕಲು ಇದ್ಯಲ್ಲ, ಓದು. ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಅಂತ."

ನಕಲು ತಂದೆ. ಸವಿನಯ ಪ್ರಾರ್ಥನೆಯ ಮೇಲೆ ಕಣ್ಣಿಟ್ಟುಕೊಂಡು ಓದಿದೆ: "ನಮ್ಮ ಗೌರಿ ಕರು ಹುಣಸೆಮರದ ಹತ್ರ ನೀರಿಗೆ ಇಳೀತು. ಕರಿಕಲ್ಲಿನ ಹತ್ರ ಹಗ್ಗ ನನ್ನ ಕೈ ಜಾರ್ತು..." ಒಂದು ಮಾತೂ ಬಿಡದೆ ಕೊನೆಯತನಕ ಹೇಳಿದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ನನ್ನ ಕೈ ತಟ್ಟಿದಳು. "ಚೆನ್ನಾಗೇ ಬರ್ದಿದ್ದೀಯ ಮಗ. ಅವ್ರೇ ಓದಿಲ್ಲ. ಪಾಪ, ಅವ್ರಿಗೂ ಎಷ್ಟು ಕೆಲಸವೋ."

ನಾಲ್ಕು ದಿನಕ್ಕೆ ಹೋಗಿಬಿಟ್ಟಳು.

ಈಗ ಹುಣಸೆಮರದ ಹತ್ತಿರ ಬಂದರೆ ನಾನೂ ಪಂಚೆ ಎತ್ತಿ ಹಿಡಿಯುತ್ತೇನೆ. ನನ್ನ ವಿದ್ಯಾರ್ಥಿಗಳು ಧಾರಾಳವಾಗಿ ನಗುತ್ತಾರೆ. ದರ್ಜಿ ನಗುವುದಿಲ್ಲ. ಜಗುಲಿಯ ಮೇಲೆ ಕಾಲು ಚಾಚಿ ಕೂತು, ಕೈಯಲ್ಲೇ ಗುಂಡಿ ಹೊಲಿಯುತ್ತ, "ಅಮ್ಮಾರು ನಿಮ್ ಕೈಲಿ ಅರ್ಜಿ ಬರಸಿದ್ರಂತಲ್ರೀ, ನಮ್ ಸಲುವಾಗಿ" ಎನ್ನುತ್ತಾನೆ. ಹೌದು ಎನ್ನುತ್ತೇನೆ. ಕರುವಿನ ವಿಷಯ ಅವನಿಗೆ ಇನ್ನೂ ಹೇಳಿಲ್ಲ.