ಮಾವಿನ ತೋಪಿನ ಬಚ್ಚಲು

ನಾನು ಜೀಪ್ ಡ್ರೈವರ್ರು. ಫಿಟ್ಸ್ ಕಾಯಿಲೆ ಮೇಲೆ ರಿಸರ್ಚ್ ಮಾಡೋ ನರದ ಡಾಕ್ಟ್ರಮ್ಮನ್ನ ಕೋಲಾರ, ಮಾಲೂರು, ಮುಳಬಾಗ್ಲು, ಶ್ರೀನಿವಾಸಪುರ ಎಲ್ಲಾ ಸುತ್ತಿಸೋನು ನಾನೇ. ಅವರು ತಲೆ ಒಳಗೆ ನೋಡ್ತಾರೆ, ನಾನು ರಸ್ತೆ ನೋಡ್ತೀನಿ. ಎರಡರಲ್ಲಿ ರಸ್ತೇನೇ ಕಷ್ಟ. ನಮ್ಮ ಜನ ಫಿಟ್ಸ್ ಅನ್ನಲ್ಲ, ದೆವ್ವ ಅಂತಾರೆ. ಹಂಗಾಗಿ ಈ ನಾಲ್ಕು ತಾಲ್ಲೂಕಲ್ಲಿ ಎಲ್ಲಿ ದೆವ್ವ ಬಂದ್ರೂ ಮೊದ್ಲು ಹೋಗಿ ನಿಲ್ಲೋದು ನನ್ನ ಜೀಪೇ. ಹೆದ್ರಿಕೆ ಅಂದ್ರೇನು ಅಂತ ನನಗೆ ಗೊತ್ತಿಲ್ಲ, ಮೊದ್ಲೇ ಹೇಳ್ಬಿಡ್ತೀನಿ.

ಕಬ್ಬಿಣ

ಶ್ರೀನಿವಾಸಪುರದ ಆಚೆ ದಟ್ಟ ಮಾವಿನ ತೋಪು, ಮಧ್ಯದಲ್ಲಿ ಒಂದೇ ಮನೆ. ಬೆಳಿಗ್ಗೆ ಹೋದ್ರೂ ಜೀಪಿನ ಲೈಟ್ ಹಾಕ್ಬೇಕು, ಅಂಥ ನೆರಳು. ಒಂದು ಹಕ್ಕಿ ಸದ್ದಿಲ್ಲ.

ಆ ಮನೇಲಿ ಒಬ್ಬಳು ಅತ್ತೆ, ಒಬ್ಬಳು ಹೊಸ ಸೊಸೆ. ಮಗ ಕಂಬ ಹಿಡ್ಕೊಂಡು ಕಂಬದ ಥರಾನೇ ನಿಂತಿದ್ದ.

"ನಮ್ಮ ಬಚ್ಚಲಲ್ಲಿ ಒಂದು ಅದೆ ಡಾಕ್ಟ್ರಮ್ಮ," ಅತ್ತೆ ಪಿಸಪಿಸ ಅಂದ್ಲು. "ಇವಳು ತಲೆಗೆ ನೀರು ಹುಯ್ಕೊಂಡ ದಿನ ಹಿಡ್ಕೊಳ್ಳುತ್ತೆ. ಬೇರೆ ದಿನ ಮುಟ್ಟಲ್ಲ. ಅಮಾಸೆ ಒಳಗೆ ಅದು ಬಿಟ್ಟು ಹೋಗ್ಲಿಲ್ಲಾಂದ್ರೆ ಇವಳನ್ನ ತೌರಿಗೆ ಕಳಿಸ್ತೀನಿ. ಮತ್ತೆ ಕರ್ಸ್ಕೊಳ್ಳಲ್ಲ."

ಸೊಸೆ ತಲೆ ಬಗ್ಗಿಸ್ಕೊಂಡು ನಿಂತಿದ್ಲು. ಕಣ್ಣಲ್ಲಿ ನೀರು.

ಫಿಟ್ಸ್ ಬಂದೋರ ಕೈಗೆ ಕಬ್ಬಿಣ ಕೊಡೋದು ನಮ್ಮ ಕಡೆ ಪದ್ಧತಿ. ಇಲ್ಲಿ ಇಡೀ ಬಚ್ಚಲಿಗೇ ಕೊಟ್ಟಿದ್ರು. ಬಾಗಿಲ ತುಂಬ ಲಾಳ, ಮುರುಕಲು ಕುಡುಗೋಲು, ಸೈಕಲ್ ಚೈನು. ಗಾಳಿ ಇಲ್ದಿದ್ರೂ ಕಿಣಿಕಿಣಿ ಅಂತಿದ್ವು.

"ನೋಡ್ಕೋಮ್ಮಾ," ಅಂದೆ, "ದೆವ್ವಕ್ಕಿಂತ ಮೊದ್ಲು ಗುಜರಿಯೋನು ಬರ್ತಾನೆ."

ಸೊಸೆ ಒಬ್ಬಳೇ ಕಿಸಕ್ಕಂತ ನಕ್ಕಳು.

ತಂತಿ ಟೋಪಿ

ಅತ್ತೆ ಸೊಸೇನ ಬಸ್ಸಲ್ಲಿ ಕೋಲಾರದ ಆಸ್ಪತ್ರೆಗೆ ಕರ್ಕೊಂಡು ಬಂದ್ಲು. ಹುಡುಗಿ ತಲೆ ತುಂಬ ತಂತಿ ಅಂಟಿಸಿ, ಕತ್ತಲೆ ಕೋಣೇಲಿ ಮಲಗಿಸಿದ್ರು. ಪರದೆ ಮೇಲೆ ಗೆರೆಗಳು ಹಾವಿನ ಹಂಗೆ ಹರೀತಿದ್ವು. ಡಾಕ್ಟ್ರಮ್ಮ ನೋಡಿ ನೋಡಿ, "ತೊಂದರೆ ಏನೂ ಕಾಣ್ತಿಲ್ಲ" ಅಂದ್ರು.

"ಎಲ್ಲಿಂದ ಕಾಣುತ್ತೆ?" ಅಂದ್ಲು ಅತ್ತೆ. "ಅದು ನಮ್ಮ ಜೊತೆ ಬಸ್ ಹತ್ತಲಿಲ್ಲ. ಬಚ್ಚಲಲ್ಲೇ ಕೂತದೆ."

ಡಾಕ್ಟ್ರಮ್ಮ ನಗ್ಲಿಲ್ಲ. "ನೀವು ಹೇಳೋದು ಸರಿ. ಅದು ಬಚ್ಚಲಲ್ಲೇ ಇದೆ. ಭಾನುವಾರ ನಾನೇ ಬರ್ತೀನಿ."

ಅಷ್ಟು ಓದಿದೋರೇ ಹಿಂಗಂದ್ರೆ! ನನ್ನ ಕೈ ಮೇಲಿನ ಕೂದಲೆಲ್ಲ ಎದ್ದು ನಿಂತ್ಕೊಂಡ್ವು. ಹೆದ್ರಿಕೆ ಅಲ್ಲ. ಆ ಕೋಣೇಲಿ ಎಸಿ ಜಾಸ್ತಿ.

ಹಂಡೆ

ಭಾನುವಾರ ನಾವು ಹೋಗೋ ಹೊತ್ಗೆ ಸೊಸೆಗೆ ವಾರದ ಎಣ್ಣೆ ಸ್ನಾನ ಶುರುವಾಗಿತ್ತು. ಬಚ್ಚಲ ಬಾಗಿಲ ಸಂದೀಲಿ ಹೊಗೆ ಥರ ಹಬೆ ಬರ್ತಿತ್ತು. ಒಳಗೆ ಅತ್ತೆ ಚೊಂಬಿನ ಮೇಲೆ ಚೊಂಬು ಹುಯ್ತಿದ್ದಾಳೆ, ಉಸಿರಾಡೋಕೂ ಬಿಡ್ದಂಗೆ. ಆಮೇಲೆ ಒಂದು ದನಿ ಬಂತು.

"ಇಂಕಾ ಪೊಯ್ಯಿ... ಇಂಕಾ ಪೊಯ್ಯಿ..."

ಇನ್ನೂ ಹುಯ್ಯಿ ಅಂತ, ಅವರ ಮನೆ ಮಾತು ತೆಲುಗಲ್ಲಿ. ಅತ್ತೆ ಮುಂದೆ ಬಾಯೇ ಬಿಡದ ಹುಡುಗಿ, ಅತ್ತೆಗೇ ಏಕವಚನ! ನಿದ್ದೇಲಿ ಮಾತಾಡಿದಂಗೆ, ಎಳೆದು ಎಳೆದು. ಆಮೇಲೆ ಚೊಂಬು ಉರುಳಿದ ಸದ್ದು. ಆಮೇಲೆ ಏನೂ ಇಲ್ಲ.

ಡಾಕ್ಟ್ರಮ್ಮ ಬಾಗಿಲು ತಳ್ಳಿ ಒಳಗೆ ನುಗ್ಗಿದ್ರು. ಹುಡುಗೀನ ಮಗ್ಗುಲಿಗೆ ಮಲಗಿಸಿ, ಅವಳಿಗೆ ಎಚ್ಚರ ಆಗೋವರೆಗೂ ಪಕ್ಕದಲ್ಲೇ ಕೂತಿದ್ರು. ಆಮೇಲೆ ಹಂಡೆಗೆ ಬೆರಳಿಟ್ಟು, ಚುರ್ ಅಂದ ತಕ್ಷಣ ಎಳ್ಕೊಂಡ್ರು.

"ಇಷ್ಟು ಸುಡೋ ನೀರಾ ತಲೆಗೆ?"

"ಸುಡದೆ ಇದ್ರೆ ಎಣ್ಣೆ ಬಿಡುತ್ತಾ?"

"ಕೆಲವ್ರಿಗೆ ತಲೆ ಮೇಲೆ ಬಿಸಿನೀರು ಒಂದೇ ಸಮ ಬಿದ್ರೆ ಫಿಟ್ಸ್ ಬರುತ್ತೆ. ಅದನ್ನ ಹುಡುಕ್ಕೊಂಡೇ ನಾನು ಊರೂರು ತಿರುಗ್ತಿರೋದು. ದೆವ್ವ ಇಲ್ಲಮ್ಮಾ, ಇರೋದು ನಿಮ್ಮ ಹಂಡೆ."

ಅತ್ತೆ ಎದ್ದು ನಿಂತ್ಕೊಂಡ್ಲು. "ನಮ್ಮತ್ತೆ ಕಾಲದ ಹಂಡೆ! ಅದ್ರ ಮೇಲೆ ಮಾತ್ರ ಏನೂ ಹೇಳ್ಬೇಡಿ. ಬೇಕಿದ್ರೆ ನನ್ ಮಗನ ಮೇಲೆ ಹೇಳಿ."

ಕಂಬ ಹಿಡ್ಕೊಂಡೋನು ಇನ್ನೊಂದು ಕಂಬಕ್ಕೆ ಹೋದ.

ಡಾಕ್ಟ್ರಮ್ಮ ಸೊಸೆಗೆ ಮಾತ್ರೆ ಕೊಟ್ರು. "ಬೆಚ್ಚಗಿನ ನೀರು ಸಾಕು, ನಿಧಾನಕ್ಕೆ ಹುಯ್ಯಿರಿ. ಅಮಾಸೆ ತನಕ ನೋಡಿ. ಆಮೇಲೆ ತೌರಿನ ಮಾತು."

ನೆರಳು

ಅಮಾಸೆ ಹಿಂದಿನ ದಿನ ಮತ್ತೆ ಹೋದ್ವಿ. ಡಾಕ್ಟ್ರಮ್ಮ ಮನೆ ಒಳಗೆ ಹೋದ್ರು. ನಾನು ಹಿತ್ತಲಲ್ಲಿ ಬೀಡಿ ಹಚ್ಚಿದೆ. ತೋಪು ಉಸಿರು ಕಟ್ಟಿದಂಗಿತ್ತು. ಬಚ್ಚಲ ಬಾಗಿಲಲ್ಲಿ ಕಬ್ಬಿಣ ಒಂದೂ ಇಲ್ಲ, ಯಾರೋ ಎಲ್ಲಾ ಬಿಚ್ಚಿಬಿಟ್ಟವ್ರೆ. ಸಂದೀಲಿ ಮತ್ತೆ ಅದೇ ಹಬೆ. ಒಳಗಿಂದ ದಪ್ಪ ದನಿ ಒಂದು ಬಂತು:

"ಇಂಕಾ ಪೊಯ್ಯಿ... ಇಂಕಾ ಪೊಯ್ಯಿ..."

ಅದು ಆ ಹುಡುಗಿ ದನಿ ಅಲ್ಲ.

ಮುಕ್ಕಾಲು ಗಂಟೆ ಆದ್ಮೇಲೆ ಡಾಕ್ಟ್ರಮ್ಮನ ಫೋನ್ ಬಂತು. "ಯಜಮಾನ್ರೇ, ಹುಡುಗಿಗೆ ಆಮೇಲೆ ಒಂದ್ಸಲಾನೂ ಬಂದಿಲ್ವಂತೆ. ತೌರಿಗೆ ಕಳ್ಸಲ್ಲ ಅಂತ ಅತ್ತೇನೇ ಅಂದ್ರು. ಇವತ್ತು ಅತ್ತೆಗೆ ಸೊಸೇನೇ ನೀರು ಹುಯ್ದಿದ್ದು. ಹುಡುಗಿ ಬೆಚ್ಚಗಿನ ನೀರನ್ನ ನಿಧಾನಕ್ಕೆ ಹುಯ್ದ್ರೆ, ಸಾಲ್ದು, ಇನ್ನೂ ಹುಯ್ಯಿ ಅಂತ ಒಂದೇ ಗಲಾಟೆ ಆ ಅಮ್ಮಂದು. ಹುಡುಗಿ ನಿಮಗೆ ಕಾಫಿ ಇಟ್ಕೊಂಡು ಕಾಯ್ತಿದ್ದಾಳೆ. ನೀವೆಲ್ಲಿ?"

"ಜೀಪಿಗೆ ಬಿಸಿಲು ಬಿತ್ತು ಮೇಡಮ್. ನೆರಳಿಗೆ ಹಾಕೋಣ ಅಂತ ಬಂದೆ."

"ಈ ತೋಪಲ್ಲಿ ಬಿಸಿಲಾ? ಎಲ್ಲಿ ಹಾಕಿದ್ದೀರ?"

"ಮುಳಬಾಗ್ಲು ತಾಲ್ಲೂಕಲ್ಲಿ, ದೇವರಾಯಸಮುದ್ರದ ಕೆರೆ ಕಟ್ಟೆ ಮೇಲೆ."